ಹುಲ್ಲು ಒಣಗಿದರೆ ಒಣಗಲಿ ಬಿಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಮೊನ್ನೆ ಶಿರಸಿಯವರೊಬ್ಬರು ಬಹಳ ಸಿಟ್ಟಿನಿಂದ ಬರೆದಿದ್ದರು. ಬೇಸಿಗೆಯಲ್ಲಿ ಜನ ಕೊಡ ಹಿಡಿದು ನಳದ ಮುಂದೆ ಕಾಯುವಾಗ ಕೆಲವರ ಮನೆ ಮುಂದಿನ ಲಾನ್ ಮಾತ್ರ ಹಸಿರಾಗಿ ಮಿಂಚುತ್ತದೆ, ಇದು ದುಡ್ಡಿನ ಸೊಕ್ಕು, ಇಂಥವರಿಗೆ ದಂಡ ಹಾಕಬೇಕು ಎಂಬುದು ಅವರ ಮಾತು. ಅವರ ಸಿಟ್ಟು ಸರಿ. ಆದರೆ ಸೊಕ್ಕು ಅಂದದ್ದು ಪೂರ್ತಿ ಸರಿಯಲ್ಲ ಅಂತ ನನಗೆ ಅನಿಸಿತು. ಈ ವಿಷಯದಲ್ಲಿ ಮಾತಾಡಲು ನನಗೂ ಸ್ವಲ್ಪ ಹಕ್ಕಿದೆ. ಯಾಕೆಂದರೆ ಅಂಥ ಲಾನ್ ಹಾಕಿಕೊಡುವವನು ನಾನು.

ಶಿರಸಿ ಹತ್ತಿರ ನನ್ನದೊಂದು ಸಣ್ಣ ನರ್ಸರಿ. ಮಾವು, ಹಲಸು, ಜಾಯಿಕಾಯಿ, ಕಾಳುಮೆಣಸಿನ ಸಸಿ ಮಾರುವುದು ಮುಖ್ಯ ಕಸುಬು. ಜೊತೆಗೆ ಮನೆ ಮುಂದೆ ಹುಲ್ಲು ಹಾಸಿಕೊಡುತ್ತೇನೆ. ಶಿರಸಿಯ ಹೊಸ ಬಡಾವಣೆಗಳಲ್ಲಿ ಕೆಲಸ ಇರುತ್ತದೆ. ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ, ಕಾರವಾರಕ್ಕೂ ಹೋಗುತ್ತೇನೆ. ನಮ್ಮ ಜಿಲ್ಲೆಯಲ್ಲಿ ನರ್ಸರಿ ಅಂದ ಕೂಡಲೇ ಜನ ನೆನೆಯುವುದು ಹೊನ್ನಳ್ಳಿಯ ತುಳಸಿ ಗೌಡರನ್ನು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಜೀವಮಾನವಿಡೀ ಕಾಡುಮರದ ಸಸಿ ಬೆಳೆಸಿದವರು, 2020ರ ಪದ್ಮಶ್ರೀ ಪಡೆದವರು. ಅವರ ಕೆಲಸದ ಪಕ್ಕ ನನ್ನ ಕೆಲಸ ಇಟ್ಟರೆ ನನಗೇ ನಗು ಬರುತ್ತದೆ. ಹೊಟ್ಟೆಪಾಡು, ಏನು ಮಾಡುವುದು.

ಮೊದಲು ಈ ಸೊಕ್ಕಿನ ಮಾತು. ನನ್ನ ಗಿರಾಕಿಗಳಲ್ಲಿ ದೊಡ್ಡ ಕುಳಗಳು ಕಡಿಮೆ. ನಿವೃತ್ತ ಮಾಸ್ತರರು, ಬ್ಯಾಂಕಿನಲ್ಲಿ ದುಡಿದವರು, ಗಲ್ಫ್‌ನಲ್ಲಿ ಅರ್ಧ ಆಯುಷ್ಯ ಕಳೆದು ಊರಿಗೆ ಬಂದು ಮನೆ ಕಟ್ಟಿಸಿದವರು, ತೋಟ ಅಣ್ಣತಮ್ಮಂದಿರಿಗೆ ಬಿಟ್ಟು ಪೇಟೆ ಸೇರಿದವರು. ಇಂಥವರೇ ಜಾಸ್ತಿ. ಎಲ್ಲರೂ ಕೈ ಬಿಗಿ ಹಿಡಿದು ಖರ್ಚು ಮಾಡುವ ಜನ. ಒಂದು ಮಾವಿನ ಸಸಿಗೆ ಇಪ್ಪತ್ತು ರೂಪಾಯಿ ಕಡಿಮೆ ಮಾಡು ಅಂತ ಅರ್ಧ ಗಂಟೆ ಚೌಕಾಸಿ ಮಾಡುತ್ತಾರೆ. ಅದೇ ಮನುಷ್ಯ ಏಪ್ರಿಲ್‌ನಲ್ಲಿ ಹುಲ್ಲಿನ ಒಂದು ಮೂಲೆ ಹಳದಿಯಾದರೆ ಸಾಕು, ರೇಟು ಕೇಳದೆ ಟ್ಯಾಂಕರ್ ತರಿಸುತ್ತಾನೆ. ಸೊಕ್ಕಿನವರು ಹೀಗೆ ಗಾಬರಿ ಬೀಳುವುದಿಲ್ಲ. ಇವರಿಗೆ ಇರುವುದು ಹೆದರಿಕೆ.

ಶಿರಸಿಯಲ್ಲೇ ಒಬ್ಬರಿದ್ದಾರೆ. ಗುರುತು ಹೇಳುವುದಿಲ್ಲ. ಬೆಳಗ್ಗೆ ಚಾ ಕುಡಿದವರೇ ಅಡುಗೆಮನೆಯ ಮಣೆ ಹಿಡಿದು ಬಂದು ಹುಲ್ಲಿನ ಮೇಲೆ ಕೂರುತ್ತಾರೆ. ಕೈಯಲ್ಲಿ ಒಂದು ಹಳೇ ಸ್ಕ್ರೂಡ್ರೈವರ್. ಅದರಿಂದ ಕೊನ್ನಾರಿ ಗಡ್ಡೆ ಎಬ್ಬಿಸುವುದು ಅವರ ದಿನದ ಕೆಲಸ. ಕೊನ್ನಾರಿ ಎಂಬ ಕಳೆ ಗೊತ್ತಲ್ಲ, ಲಾನ್‌ಗೆ ಹಾಕುವ ಕೆಂಪು ಮಣ್ಣಿನ ಜೊತೆಗೇ ಲಾರಿ ಹತ್ತಿ ಬರುತ್ತದೆ. ಮೇಲಿನ ಎಲೆ ಕಿತ್ತರೆ ಸಾಯುವ ಜಾತಿಯಲ್ಲ. ಮಣ್ಣಿನೊಳಗೆ ಗಡ್ಡೆಗಳು ಸಾಲಾಗಿ ಇರುತ್ತವೆ, ಒಂದಕ್ಕೊಂದು ದಾರದಂಥ ಬೇರಿನ ಸಂಬಂಧ. ಮುಂದಿನ ಗಡ್ಡೆ ಬದುಕಿರುವವರೆಗೆ ಹಿಂದಿನವು ಸುಮ್ನೆ ಮಲಗಿರುತ್ತವೆ. ಎಳೆದಾಗ ಆ ದಾರ ತುಂಡಾಯಿತೋ, ಮಲಗಿದ್ದವೆಲ್ಲ ಎದ್ದು ಚಿಗುರುತ್ತವೆ. ಕಿತ್ತಷ್ಟೂ ಹೆಚ್ಚುತ್ತದೆ ಅಂತ ಅವರಿಗೂ ಗೊತ್ತು. ಆದರೂ ಕೀಳುತ್ತಾರೆ.

‘ಸರ್, ಬಿಟ್ಟುಬಿಡಿ. ಅದೂ ಹಸಿರೇ ಅಲ್ವಾ’ ಅಂದೆ ಒಮ್ಮೆ.

‘ಅದು ಬೇರೆ ಹಸಿರು ಮಾರಾಯಾ’ ಅಂದರು.

ಅವರು ಹೇಳಿದ್ದು ನಿಜ. ಕೊನ್ನಾರಿಯ ಹಸಿರಿಗೆ ಹೊಳಪು ಜಾಸ್ತಿ. ಗೇಟಿನ ಹತ್ತಿರ ನಿಂತು ನೋಡಿದರೆ ನಮಗೆ ನಿಮಗೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಅವರಿಗೆ ಗೊತ್ತಾಗುತ್ತದೆ. ಮಾತಿಗೆ ಕೂತರೆ ಅವರು ಹೇಳುವುದು ಬೇರೆ ಕತೆ. ಸಣ್ಣವರಿದ್ದಾಗ ಅಡಿಕೆ ತೋಟದಲ್ಲಿ ಕಳೆ ತೆಗೆದವರು. ಒಂದು ತುದಿಯಿಂದ ತೆಗೆಯುತ್ತ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಮೊದಲಿನದು ಮತ್ತೆ ಎದ್ದಿರುತ್ತಿತ್ತು. ಆ ಕೆಲಸ ಎಂದೂ ಮುಗಿಯಲಿಲ್ಲವಂತೆ. ‘ಈ ಒಂದೂವರೆ ಗುಂಟೆಯಾದರೂ ನನ್ನ ಮಾತು ಕೇಳಲಿ’ ಅಂತಾರೆ.

ಲಾನ್ ಹುಚ್ಚಿಗೆ ಇದಕ್ಕಿಂತ ಒಳ್ಳೇ ಕಾರಣ ನನಗೆ ಯಾರೂ ಹೇಳಿಲ್ಲ. ನಮ್ಮದು ಬಿಟ್ಟರೆ ಬೆಳೆದುಬಿಡುವ ನಾಡು. ಕಾಂಪೌಂಡ್ ಗೋಡೆಯ ಮೇಲೆ ಜರಿಗಿಡ, ಹಂಚಿನ ಮೇಲೆ ಪಾಚಿ, ನೀರಿನ ಪೈಪಿನ ಸಂದಿಯಲ್ಲಿ ಅಶ್ವತ್ಥದ ಸಸಿ. ಹದಿನೈದು ದಿನ ಮನೆಗೆ ಬೀಗ ಹಾಕಿ ಹೋದರೆ ಬಂದಾಗ ದಾರಿ ಹುಡುಕಬೇಕು. ಅಂಥ ಕಡೆ ಒಂದು ಜಾಗ ಮಾತ್ರ ಒಂದೇ ಎತ್ತರಕ್ಕೆ, ಒಂದೇ ಬಣ್ಣಕ್ಕೆ ನಿಂತರೆ ಮನಸ್ಸಿಗೆ ಸಮಾಧಾನ ಆಗುವುದು ಸಹಜ. ಜೊತೆಗೆ ಇದು ಮಾಡಿದ ಕೂಡಲೇ ಕಣ್ಣಿಗೆ ಕಾಣುವ ಕೆಲಸ. ತಳ್ಳುವ ಮಷಿನ್ನನ್ನು ಹೋಗುತ್ತ ಒಂದು ಸಾಲು, ಬರುತ್ತ ಒಂದು ಸಾಲು ಓಡಿಸಿದರೆ ಪಟ್ಟೆ ಪಟ್ಟೆ ಬೀಳುತ್ತದೆ. ಹುಲ್ಲು ಒಂದು ಸಾಲಲ್ಲಿ ಆಚೆ ಬಾಗಿರುತ್ತದೆ, ಇನ್ನೊಂದರಲ್ಲಿ ಈಚೆ. ಬೆಳಕು ಬೀಳುವ ರೀತಿ ಬೇರೆಯಾಗಿ ಎರಡು ಬಣ್ಣ ಕಾಣುತ್ತದೆ, ಅಷ್ಟೇ. ಆದರೆ ಮೂವತ್ತು ವರ್ಷ ಕಡತ ನೋಡಿ ನಿವೃತ್ತರಾದವರಿಗೆ ಆ ಪಟ್ಟೆ ನೋಡಿ ಆಗುವ ಖುಷಿ ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಹಾಸ್ಯ ಮಾಡಲು ನನಗೆ ಮನಸ್ಸಿಲ್ಲ.

ಎರಡನೇ ಕಾರಣ ರಸ್ತೆ. ಹಿತ್ತಲಿಗೆ ಲಾನ್ ಹಾಕಿಕೊಡು ಅಂತ ನನ್ನನ್ನು ಯಾರೂ ಕರೆದಿಲ್ಲ. ಎಲ್ಲರಿಗೂ ಬೇಕಾದದ್ದು ಗೇಟಿನಿಂದ ಕಾಣುವ ಜಾಗಕ್ಕೆ. ಹಿಂದೆ ಕೆಸು, ಬಾಳೆ, ಸೌದೆ, ಒಡೆದ ಬಕೆಟ್ಟು ಎಲ್ಲ ಇದ್ದ ಹಾಗೇ ಇರುತ್ತದೆ. ಒಂದು ಓಣಿಯಲ್ಲಿ ಒಂದು ಮನೆಗೆ ಹಾಕಿದರೆ ನನಗೆ ಗೊತ್ತು, ಇನ್ನು ಸ್ವಲ್ಪ ದಿನದಲ್ಲಿ ಎದುರು ಮನೆಯವರ ಫೋನ್ ಬರುತ್ತದೆ. ಅವರು ಕೇಳುವ ಮೊದಲ ಪ್ರಶ್ನೆ ಹುಲ್ಲಿನ ಬಗ್ಗೆ ಇರುವುದಿಲ್ಲ. ‘ಅವರಿಗೆ ಹಾಕಿದ್ದು ಯಾವುದು?’ ಅಂತ ಇರುತ್ತದೆ.

ಮಾರಿಕಾಂಬಾ ಜಾತ್ರೆಯ ವರ್ಷವಂತೂ ಕೇಳಬೇಡಿ. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಗೆ ಶಿರಸಿಯ ಪ್ರತಿ ಮನೆಗೂ ನೆಂಟರ ದಂಡು. ಹುಬ್ಬಳ್ಳಿಯಿಂದ, ಬೆಂಗಳೂರಿನಿಂದ, ಮುಂಬೈಯಿಂದ ಬರುತ್ತಾರೆ. ಮನೆಗೆ ಬಣ್ಣ, ಗೇಟಿಗೆ ಬಣ್ಣ, ಅದರ ಜೊತೆಗೆ ಹುಲ್ಲು. ಜಾತ್ರೆ ಬರುವುದು ಫಾಲ್ಗುಣದಲ್ಲಿ. ಅಂದರೆ ಬಿಸಿಲು ಏರುವ ಹೊತ್ತಿಗೇ. ಹುಲ್ಲು ನೆಡಲು ಇದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ. ಹೇಳಿದರೆ ಯಾರು ಕೇಳುತ್ತಾರೆ? ‘ಜಾತ್ರೆ ತನಕ ಹಸಿರು ಇದ್ದರೆ ಸಾಕು’ ಅಂತಾರೆ. ಜಾತ್ರೆ ಮುಗಿದ ಮೇಲೆ ಒಣಗಲು ಬಿಡುತ್ತಾರಾ ಅಂದರೆ ಅದೂ ಇಲ್ಲ.

ನಮ್ಮ ಹಿರಿಯರಿಗೆ ಇಂಥ ಹುಚ್ಚು ಇರಲಿಲ್ಲ ಅಂತಲೂ ಹೇಳಬೇಡಿ. ಅವರಿಗೆ ಅಂಗಳದ ಹುಚ್ಚಿತ್ತು. ಮಳೆ ನಿಂತ ಮೇಲೆ ಹುಲ್ಲು ಕೆತ್ತಿ, ಮಣ್ಣು ಹಾಕಿ, ಬಡಿದು, ಸಗಣಿ ಸಾರಿಸಿ, ಒಂದು ಕಲ್ಲಿನ ಹರಳೂ ಇಲ್ಲದ ಹಾಗೆ ಮಾಡುತ್ತಿದ್ದರು. ಯಾರ ಮನೆ ಅಂಗಳ ಹೇಗಿದೆ ಅಂತ ಊರೆಲ್ಲ ಮಾತಾಡುತ್ತಿತ್ತು. ವ್ಯತ್ಯಾಸ ಇಷ್ಟೇ: ಆ ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು, ಹಪ್ಪಳ ಸಂಡಿಗೆ ಒಣಗುತ್ತಿತ್ತು, ಮದುವೆ ಚಪ್ಪರ ಏಳುತ್ತಿತ್ತು. ಕೆಲಸಕ್ಕೆ ಬೇಕಾದ ಜಾಗವಾದ್ದರಿಂದ ಅದನ್ನು ನೆಟ್ಟಗೆ ಇಡುತ್ತಿದ್ದರು. ಲಾನ್ ಹಾಗಲ್ಲ. ಅದರಿಂದ ಏನೂ ಹುಟ್ಟಬಾರದು. ಅದೇ ಅದರ ಹೆಚ್ಚುಗಾರಿಕೆ.

ಒಂದು ಮನೆಯಲ್ಲಿ ಮೇ ತಿಂಗಳಲ್ಲಿ ಹುಲ್ಲು ಕತ್ತರಿಸುತ್ತಿದ್ದೆ. ಆ ಮನೆಯ ಅಜ್ಜಿ ಹಲಸಿನ ಹಪ್ಪಳ ಒತ್ತಿ ಹೊರಗೆ ತಂದಿದ್ದರು. ಚಾಪೆ ಹಾಸಬೇಕು. ಮಗ ಒಳಗಿನಿಂದ ಓಡಿ ಬಂದು ‘ಆಯೀ, ಅಲ್ಲಿ ಬೇಡ, ಹುಲ್ಲು ಹಳದಿ ಆಗ್ತು’ ಅಂದರು. ಮಗನ ಮಾತೂ ಸುಳ್ಳಲ್ಲ. ನಾಲ್ಕು ದಿನ ಚಾಪೆ ಬಿದ್ದರೆ ಅಡಿಯ ಹುಲ್ಲು ಬಿಳಿಚಿಕೊಳ್ಳುತ್ತದೆ. ಪಕ್ಕದಲ್ಲಿ ಸಿಮೆಂಟ್ ಬ್ಲಾಕ್ ಹಾಕಿದ ಜಾಗದಲ್ಲಿ ಕಾರು ನಿಂತಿತ್ತು. ಅಜ್ಜಿ ನನ್ನ ಕಡೆ ತಿರುಗಿ, ‘ಇಷ್ಟೆಲ್ಲಾ ಜಾಗ ಇದ್ದು, ಹಪ್ಪಳ ಒಣಗ್ಸಲೆ ಜಾಗ ಇಲ್ಲೆ ನೋಡು ತಮಾ’ ಅಂದರು. ಕೊನೆಗೆ ಟೆರೇಸಿಗೆ ಹೊತ್ತುಕೊಂಡು ಹೋದರು, ಮೆಟ್ಟಿಲು ಮೆಟ್ಟಿಲಿಗೂ ನಿಲ್ಲುತ್ತ.

ಏನೂ ಹುಟ್ಟದ ಜಾಗ ಇಟ್ಟುಕೊಳ್ಳುವುದು ದೊಡ್ಡಸ್ತಿಕೆ ಎಂಬ ಲೆಕ್ಕ ಶುರುವಾದದ್ದು ಯುರೋಪಿನ ಅರಮನೆಗಳಲ್ಲಿ. ಫ್ರಾನ್ಸಿನ ವರ್ಸೈಲ್ಸ್ ಅರಮನೆಯ ತೋಟದಲ್ಲಿ 17ನೇ ಶತಮಾನದಲ್ಲೇ ದೊಡ್ಡ ಹುಲ್ಲುಹಾಸು ಇತ್ತು. ಮುಂದೆ ಇಂಗ್ಲೆಂಡಿನ ಜಮೀನ್ದಾರರು ಮನೆ ಬಾಗಿಲವರೆಗೂ ಹುಲ್ಲು ತಂದರು. ಉಳಬಹುದಾದ ನೆಲವನ್ನು ಉಳದೆ ಬಿಡುವುದು, ಅದನ್ನು ಕತ್ತರಿಸಲು ಉದ್ದ ಹಿಡಿಯ ಕುಡುಗೋಲು ಹಿಡಿದ ಆಳುಗಳನ್ನು ಸಾಕುವುದು, ಇದು ಎಲ್ಲರಿಂದ ಆಗುವ ಮಾತಲ್ಲ. ಆಳು ಇಲ್ಲದವರು ಕುರಿ ಬಿಡುತ್ತಿದ್ದರು. 1830ರಲ್ಲಿ ಇಂಗ್ಲೆಂಡಿನ ಸ್ಟ್ರೌಡ್ ಕಡೆಯ ಎಡ್ವಿನ್ ಬಡ್ಡಿಂಗ್ ಎಂಬಾತ ಹುಲ್ಲು ಕತ್ತರಿಸುವ ಯಂತ್ರ ಮಾಡಿದ. ಬಟ್ಟೆ ಗಿರಣಿಯಲ್ಲಿ ಉಣ್ಣೆ ಬಟ್ಟೆಯ ಮೇಲೆ ಎದ್ದ ಎಳೆಗಳನ್ನು ಸಮ ಮಾಡುವ ಉರುಳು ಕತ್ತರಿಯನ್ನು ನೋಡಿ ಅವನಿಗೆ ಅದು ಹೊಳೆದದ್ದು. ನಾನು ತಳ್ಳುವ ಮಷಿನ್ ಕೂಡ ಅದೇ ತಂತ್ರದ್ದು. ಆ ಮೇಲೆ ಸಣ್ಣ ಮನೆಯವರಿಗೂ ಲಾನ್ ಎಟುಕಿತು. ನಮ್ಮ ಕಡೆ ಇದು ಬಂದದ್ದು ಬ್ರಿಟಿಷರ ಬಂಗಲೆಗಳ ಜೊತೆ. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಸೇರಿ ಕಾರವಾರ ಜಿಲ್ಲಾ ಕೇಂದ್ರವಾಯಿತು. ಸಾಹೇಬರು ಹೋದರು, ಸಾಹೇಬರ ಅಂಗಳ ಉಳಿಯಿತು.

ಅಮೆರಿಕದಲ್ಲಿ ಇದು ಹುಚ್ಚನ್ನೂ ದಾಟಿ ಕಾನೂನಾಯಿತು. ನ್ಯೂಯಾರ್ಕಿನ ಹೊರಗೆ 1947ರಿಂದ ಕಟ್ಟಿದ ಲೆವಿಟೌನ್ ಎಂಬ ಬಡಾವಣೆಯಲ್ಲಿ ಸಾವಿರಾರು ಮನೆ, ಎಲ್ಲದರ ಮುಂದೆ ಲಾನ್. ಬೇಲಿ ಹಾಕುವಂತಿಲ್ಲ, ಹುಲ್ಲು ವಾರಕ್ಕೊಮ್ಮೆ ಕತ್ತರಿಸಲೇಬೇಕು ಎಂಬ ಕರಾರು. ಕಾರವಾರದ ನನ್ನ ಗಿರಾಕಿಯೊಬ್ಬರ ಮಗಳು ಟೆಕ್ಸಾಸಿನಲ್ಲಿದ್ದಾಳೆ. ಅಪ್ಪ ಅಮ್ಮ ಅಲ್ಲಿ ಹೋಗಿದ್ದಾಗ, ಹುಲ್ಲು ಉದ್ದವಾಗಿದೆ ಅಂತ ಬಡಾವಣೆಯ ಸಂಘದಿಂದ ಅವಳ ಮನೆಗೆ ಚೀಟಿ ಬಂತಂತೆ. ಅದನ್ನು ನೋಡಿ ಬಂದವರು ಇಲ್ಲಿ ಮೊದಲು ಮಾಡಿದ ಕೆಲಸ ನನಗೆ ಫೋನ್! ಅಲ್ಲಿ ಚೀಟಿಗೆ ಹೆದರುತ್ತಾರೆ. ಇಲ್ಲಿ ಚೀಟಿ ಕಳಿಸುವವರು ಯಾರೂ ಇಲ್ಲ, ಆದರೂ ಹೆದರುತ್ತೇವೆ.

ಅಲ್ಲಿನ ಸಂಶೋಧಕರು ಉಪಗ್ರಹದ ಚಿತ್ರ ಇಟ್ಟುಕೊಂಡು 2005ರಲ್ಲಿ ಒಂದು ಅಂದಾಜು ಮಾಡಿದ್ದರು. ಮನೆ, ಪಾರ್ಕು, ಗಾಲ್ಫ್ ಮೈದಾನ ಎಲ್ಲ ಸೇರಿ ಅಮೆರಿಕದ ಹುಲ್ಲುಹಾಸು ಸುಮಾರು 1,63,000 ಚದರ ಕಿ.ಮೀ. ನಮ್ಮ ಇಡೀ ಕರ್ನಾಟಕವೇ 1,91,791 ಚದರ ಕಿ.ಮೀ. ನೀರು ಹಾಯಿಸಿ ಬೆಳೆಯುವ ಬೆಳೆಗಳಲ್ಲಿ ಅಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ನೀರಾವರಿಯ ಮೆಕ್ಕೆಜೋಳವನ್ನೂ ಮೀರಿಸಿದೆ. ತಿನ್ನುವವರು ಯಾರೂ ಇಲ್ಲ.

ಕಳೆಯ ವಿಷಯಕ್ಕೆ ವಾಪಸು ಬರುತ್ತೇನೆ, ಯಾಕೆಂದರೆ ನನಗೆ ಬೇಜಾರಾಗುವುದು ಅಲ್ಲೇ. ಲಾನ್‌ನಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಏನೇನು ಏಳುತ್ತದೆ ನೋಡಿ. ಒಂದೆಲಗ, ನೆಲನೆಲ್ಲಿ, ಗರುಗ, ಮುಟ್ಟಿದರೆ ಮುನಿ. ಇದರಲ್ಲಿ ಮುಟ್ಟಿದರೆ ಮುನಿ ಮುಳ್ಳಿನ ಗಿಡ, ಮಕ್ಕಳ ಕಾಲಿಗೆ ಚುಚ್ಚುತ್ತದೆ, ಅದನ್ನು ತೆಗೆಯಬೇಕು ಸರಿ. ಆದರೆ ಒಂದೆಲಗ? ನೀರು ನಿಲ್ಲುವ ಮೂಲೆಯಲ್ಲಿ ದುಂಡಗಿನ ಎಲೆ ಬಿಟ್ಟುಕೊಂಡು ಮೆತ್ತಗೆ ಹರಡಿರುತ್ತದೆ. ‘ಇದೊಂದು ಪೂರ್ತಿ ಕಿತ್ತು ಹಾಕು’ ಅಂತ ನನಗೆ ಕೂಲಿ ಕೊಡುತ್ತಾರೆ. ನಾನು ಬೇರು ಸಮೇತ ಕಿತ್ತು, ಚೀಲಕ್ಕೆ ತುಂಬಿ, ಮನೆಗೆ ತರುತ್ತೇನೆ. ನನ್ನ ಹೆಂಡತಿ ಅದಕ್ಕೆ ಜೀರಿಗೆ, ಕಾಳುಮೆಣಸು, ಕಾಯಿತುರಿ ಹಾಕಿ ಬೀಸಿ, ಮಜ್ಜಿಗೆ ಸೇರಿಸಿ ತಂಬುಳಿ ಮಾಡುತ್ತಾಳೆ. ಕಿತ್ತಿದ್ದಕ್ಕೆ ಕೂಲಿಯೂ ಸಿಕ್ಕಿತು, ಊಟಕ್ಕೆ ತಂಬುಳಿಯೂ ಆಯಿತು. ನನಗೆ ನಷ್ಟವಿಲ್ಲ. ಆದರೆ ಅದೇ ಮನೆಯವರು ಪೇಟೆಯಲ್ಲಿ ಒಂದೆಲಗದ ಕಟ್ಟು ದುಡ್ಡು ಕೊಟ್ಟು ಕೊಳ್ಳುವುದನ್ನೂ ನೋಡಿದ್ದೇನೆ.

ಅಮೆರಿಕದಲ್ಲೂ ಹೀಗೇ ಆಗಿದೆ. ಎರಡನೇ ಮಹಾಯುದ್ಧದ ಕಾಲದವರೆಗೂ ಅಲ್ಲಿ ಲಾನ್‌ಗೆ ಬಿತ್ತುವ ಬೀಜದ ಜೊತೆ ಕ್ಲೋವರ್ ಬೀಜವನ್ನೂ ಬೆರೆಸುತ್ತಿದ್ದರು. ಮೂರೆಲೆಯ ಸಣ್ಣ ಗಿಡ, ದ್ವಿದಳ ಜಾತಿಯದು. ಗಾಳಿಯಲ್ಲಿನ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದು ಮಣ್ಣಿಗೆ ಕೊಡುತ್ತದೆ. 1940ರ ದಶಕದ ನಡುವೆ 2,4-ಡಿ ಎಂಬ ಕಳೆನಾಶಕ ಬಂತು. ಅದು ಹುಲ್ಲನ್ನು ಬಿಟ್ಟು ಅಗಲ ಎಲೆಯ ಗಿಡಗಳನ್ನು ಮಾತ್ರ ಕೊಲ್ಲುತ್ತದೆ. ಕ್ಲೋವರ್ ಕೂಡ ಸತ್ತಿತು. ಅದನ್ನು ಉಳಿಸಿ ಉಳಿದದ್ದನ್ನು ಕೊಲ್ಲುವ ಔಷಧಿ ಇರಲಿಲ್ಲ. ಹಾಗಾಗಿ ಅದನ್ನೂ ಕಳೆ ಅಂತ ಕರೆದುಬಿಟ್ಟರು. ಪುಕ್ಕಟೆ ಸಿಗುತ್ತಿದ್ದ ಸಾರಜನಕವನ್ನು ಆಮೇಲೆ ಚೀಲದಲ್ಲಿ ಕೊಂಡು ತರಬೇಕಾಯಿತು. ನನ್ನ ಗಿರಾಕಿಗಳೂ ಕೇಳುತ್ತಾರೆ, ‘ಹುಲ್ಲು ಉಳಿದು ಕಳೆ ಸಾಯುವ ಔಷಧಿ ಹೊಡೆದುಬಿಡು’ ಅಂತ. ನಾನು ಹೊಡೆಯುವುದಿಲ್ಲ. ನಮ್ಮ ಕಡೆ ಲಾನ್‌ನಿಂದ ಬಾವಿಗೆ ಹತ್ತು ಹೆಜ್ಜೆ ಕೂಡ ಇರುವುದಿಲ್ಲ.

ಈಗ ನೀರು. ಪತ್ರ ಬರೆದವರ ಸಿಟ್ಟಿಗೆ ಲೆಕ್ಕದ ಬಲ ಕೊಡುತ್ತೇನೆ. ಒಂದು ಗುಂಟೆ ಅಂದರೆ 1,089 ಚದರ ಅಡಿ, ಸುಮಾರು 101 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ನೀರು ಬಿದ್ದರೆ ಒಂದು ಲೀಟರ್. ಏಪ್ರಿಲ್ ಬಿಸಿಲಿನಲ್ಲಿ ಹುಲ್ಲು ಹಸಿರಾಗೇ ಇರಬೇಕಾದರೆ ದಿನಕ್ಕೆ 5 ಮಿ.ಮೀ. ಆಸುಪಾಸು ನೀರು ಬೇಕು. ಅಂದರೆ ಗುಂಟೆಗೆ ದಿನಕ್ಕೆ 500 ಲೀಟರ್, ಟೆರೇಸ್ ಮೇಲಿನ ಸಾವಿರ ಲೀಟರ್ ಟ್ಯಾಂಕಿನಲ್ಲಿ ಅರ್ಧ. ಜಲ ಜೀವನ್ ಮಿಷನ್ ಲೆಕ್ಕದಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್. ಒಂಬತ್ತು ಜನರ ಪಾಲಿನ ನೀರು ಒಂದು ಗುಂಟೆ ಹುಲ್ಲಿಗೆ ಹೋಗುತ್ತದೆ. ಪಟ್ಟಣದ 135 ಲೀಟರ್ ಲೆಕ್ಕ ಹಿಡಿದರೂ ಸುಮಾರು ನಾಲ್ಕು ಜನರದು. ಕಾರವಾರದ ಮರಳು ಮಣ್ಣಾದರೆ ಇನ್ನೂ ಕಷ್ಟ. ಹಾಕಿದ ನೀರು ನಿಲ್ಲುವುದೇ ಇಲ್ಲ, ಬೆಳಗ್ಗೆ ಒಮ್ಮೆ ಸಂಜೆ ಒಮ್ಮೆ ಬಿಡಬೇಕು.

ಆ ನೀರು ಎಲ್ಲಿಂದ ಬರುತ್ತದೆ ಅಂತಲೂ ನೋಡಿ. ಕಾರವಾರ, ಅಂಕೋಲಾಕ್ಕೆ ಗಂಗಾವಳಿ ನದಿಯೇ ಗತಿ. ಬೇಸಿಗೆಯಲ್ಲಿ ಹರಿವು ಇಳಿದಾಗ ಕೆಳಗಿನಿಂದ ಸಮುದ್ರದ ಉಪ್ಪುನೀರು ಮೇಲೇರುತ್ತದೆ. ಶಿರಸಿಗೆ ಕೆಂಗ್ರೆ, ಮಾರಿಗದ್ದೆಯಿಂದ ನೀರೆತ್ತಿ ತರಬೇಕು. ನಮ್ಮಲ್ಲಿ ಮಳೆ ಕಡಿಮೆಯೇನಲ್ಲ. ಶಿರಸಿಯಲ್ಲಿ ವರ್ಷಕ್ಕೆ 2,500 ಮಿ.ಮೀ. ಆಸುಪಾಸು, ಕಾರವಾರದಲ್ಲಿ 3,000 ಆಸುಪಾಸು. ಆದರೆ ಎಲ್ಲ ನಾಲ್ಕು ತಿಂಗಳಲ್ಲಿ ಸುರಿದು ಹೋಗುತ್ತದೆ. ಆಗಲೂ ಲಾನ್ ಚೆನ್ನಾಗಿರುವುದಿಲ್ಲ! ನೀರು ನಿಂತು ಪಾಚಿ ಕಟ್ಟುತ್ತದೆ, ಬೂಷ್ಟು ಬಂದು ಅಲ್ಲಲ್ಲಿ ದುಂಡಗೆ ಕೊಳೆಯುತ್ತದೆ, ನೆಲ ಮೆತ್ತಗಾಗಿ ಮಷಿನ್ ಹೂತು ಹೋಗುತ್ತದೆ. ನಾಲ್ಕು ತಿಂಗಳು ನೀರು ಜಾಸ್ತಿಯಾಗಿ, ಮೂರು ತಿಂಗಳು ನೀರಿಲ್ಲದೆ ಪರದಾಡುವ ಹುಲ್ಲನ್ನು ನಾವು ಹಟ ಹಿಡಿದು ಸಾಕುತ್ತಿದ್ದೇವೆ. ಫೋಟೋ ತೆಗೆಯುವ ಹಾಗೆ ಕಾಣುವುದು ಅಕ್ಟೋಬರ್‌ನಿಂದ ಜನವರಿವರೆಗೆ.

ಮನೆ ಸುತ್ತ ಹುಲ್ಲು ಗಿಡ್ಡ ಇರಬೇಕು ಎಂಬುದಕ್ಕೆ ನನ್ನ ತಕರಾರಿಲ್ಲ. ನಮ್ಮಲ್ಲಿ ಹಾವು ಇದೆ, ಮಳೆಗಾಲದಲ್ಲಿ ಉಂಬಳ ಇದೆ. ಸಿದ್ದಾಪುರ ಕಡೆಯವರಿಗೆ ಮಂಗನ ಕಾಯಿಲೆ ಹರಡುವ ಉಣುಗಿನ ಭಯ ಇದೆ. ಅಂಗಳ ಬಯಲಾಗಿದ್ದರೆ ರಾತ್ರಿ ಬ್ಯಾಟರಿ ಹಿಡಿದು ನಡೆಯಲು ಧೈರ್ಯ. ಆದರೆ ಗಿಡ್ಡ ಹುಲ್ಲು ಅಂದರೆ ಹಸಿರು ಹುಲ್ಲೇ ಆಗಬೇಕಂತಿಲ್ಲ ಅಲ್ವಾ? ಒಣಗಿದ ಗಿಡ್ಡ ಹುಲ್ಲಿನಲ್ಲೂ ಹಾವು ಕಾಣುತ್ತದೆ.

ನಾನು ಹೇಳಬೇಕೆಂದಿರುವುದು ಇದೇ. ಮಾರ್ಚ್ ಕೊನೆಯಿಂದ ಮಳೆ ಬೀಳುವವರೆಗೆ ಹುಲ್ಲು ಒಣಗಲು ಬಿಡಿ. ಹುಲ್ಲಿನ ಬೆಳೆಯುವ ಕಣ್ಣು ಇರುವುದು ತುದಿಯಲ್ಲಲ್ಲ, ಬುಡದಲ್ಲಿ, ಮಣ್ಣಿಗೆ ಅಂಟಿಕೊಂಡು. ಅದಕ್ಕೇ ದನ ಮೇಯ್ದರೂ, ಮಷಿನ್ ಓಡಿಸಿದರೂ ಮತ್ತೆ ಬರುತ್ತದೆ. ಬಿಸಿಲಿಗೆ ಎಲೆ ಒಣಗಿದರೂ ಬುಡ ಜೀವ ಹಿಡಿದು ಕೂತಿರುತ್ತದೆ. ಗರಿಕೆಯಾದರಂತೂ ಚಿಂತೆಯೇ ಬೇಡ. ನೆಲದೊಳಗೂ ಹರಿಯುತ್ತದೆ, ಮೇಲೂ ಹರಿಯುತ್ತದೆ. ಬೇಸಿಗೆಯಲ್ಲಿ ಸತ್ತೇ ಹೋಯಿತು ಅನ್ನುವ ಹಾಗೆ ಕಂದಾಗಿ, ಎರಡು ಮಳೆ ಬಿದ್ದ ವಾರದಲ್ಲಿ ಹಸಿರಾಗಿರುತ್ತದೆ. ಲಾನ್‌ಗೆಂದೇ ಹಾಸುವ ಮೆಕ್ಸಿಕನ್ ಹುಲ್ಲು ಅಷ್ಟು ಗಟ್ಟಿಯಲ್ಲ. ಚಿರೆಕಲ್ಲಿನ ಮೇಲೆ ನಾಲ್ಕು ಇಂಚು ಮಣ್ಣು ಸುರಿದು ಹಾಸಿದ್ದಾದರೆ ಪೂರ್ತಿ ಸಾಯಲೂಬಹುದು. ಅದಕ್ಕೆ ಹದಿನೈದು ದಿನಕ್ಕೊಮ್ಮೆ 12 ಮಿ.ಮೀ. ನೀರು ಕೊಡಿ. ಹಸಿರಾಗುವುದಿಲ್ಲ, ಬುಡ ಉಳಿಯುತ್ತದೆ. ಗುಂಟೆಗೆ ಹದಿನೈದು ದಿನಕ್ಕೆ ಸುಮಾರು 1,200 ಲೀಟರ್. ದಿನಾ ಬಿಟ್ಟರೆ ಅದೇ ಅವಧಿಗೆ 7,500. ಸ್ನಾನದ ನೀರನ್ನು ಆ ಕಡೆ ತಿರುಗಿಸಿದರೆ ನಳದ ನೀರು ಮುಟ್ಟುವುದೇ ಬೇಡ.

ಹೊಸದಾಗಿ ಹಾಕಿಸುವವರು ಗರಿಕೆ ಹಾಕಿಸಿ. ಇದನ್ನು ಹೇಳಿದರೆ ಗಿರಾಕಿಗಳು ಮುಖ ಸಿಂಡರಿಸುತ್ತಾರೆ. ಗದ್ದೆ ಬದುವಿನಲ್ಲಿ ಸುಮ್ನೆ ಸಿಗುವುದು, ಚೌತಿ ದಿನ ಗಣಪತಿಗೆ ಕಿತ್ತು ತರುವುದು, ಅದಕ್ಕೆ ನಾನ್ಯಾಕೆ ದುಡ್ಡು ಕೊಡಬೇಕು ಅಂತ. ಕ್ರಿಕೆಟ್ ಮೈದಾನ, ಗಾಲ್ಫ್ ಮೈದಾನಗಳಲ್ಲಿ ಬರ್ಮುಡಾ ಅಂತ ಹಾಕುವುದು ಇದೇ ಗರಿಕೆಯನ್ನು, ಅಥವಾ ಇದರಿಂದ ಮಾಡಿದ ತಳಿಯನ್ನು. ಬರ್ಮುಡಾ ಅಂದರೆ ಒಪ್ಪುತ್ತಾರೆ, ಗರಿಕೆ ಅಂದರೆ ಬೇಡ. ಪ್ಲಾಸ್ಟಿಕ್ ಹುಲ್ಲಿನ ಬಗ್ಗೆ ಕೇಳುವವರೂ ಇದ್ದಾರೆ. ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಬರಿಗಾಲು ಇಟ್ಟು ನೋಡಿ, ಆಮೇಲೆ ಮಾತಾಡೋಣ.

ದಂಡದ ಮಾತಿಗೆ ಬಂದರೆ, ನನಗೆ ಅದು ಸರಿ ಕಾಣುವುದಿಲ್ಲ. ಯಾರ ಮನೆಯ ಬಾವಿ ನೀರು, ಯಾರದು ನಳದ ನೀರು ಅಂತ ಗೇಟಿನ ಹೊರಗೆ ನಿಂತು ಹೇಗೆ ಗೊತ್ತಾಗುತ್ತದೆ? ಅಮೆರಿಕದ ನೆವಾಡಾ ರಾಜ್ಯ ಇದಕ್ಕೊಂದು ದಾರಿ ಕಂಡುಕೊಂಡಿದೆ. ಲಾಸ್ ವೇಗಾಸ್ ಸುತ್ತಮುತ್ತ ಯಾರೂ ಕಾಲಿಡದ, ಬರೀ ಅಂದಕ್ಕೆ ಹಾಕಿದ ಹುಲ್ಲಿಗೆ 2027ರಿಂದ ಕೊಲೊರಾಡೋ ನದಿಯ ನೀರು ಬಳಸುವಂತಿಲ್ಲ ಅಂತ 2021ರಲ್ಲಿ ಕಾನೂನು ಮಾಡಿದರು. ರಸ್ತೆ ನಡುವಿನ ಹುಲ್ಲು, ಕಚೇರಿ ಮುಂದಿನ ಹುಲ್ಲು, ಇಂಥವು. ಸ್ವಂತ ಮನೆಯ ಲಾನ್ ಮುಟ್ಟಲಿಲ್ಲ. ಮಕ್ಕಳು ಆಡುವ ಮೈದಾನವನ್ನೂ ಮುಟ್ಟಲಿಲ್ಲ. ಈ ಅಳತೆಗೋಲು ನನಗೆ ಹಿಡಿಸಿತು. ಹುಲ್ಲಿನ ಮೇಲೆ ಯಾರಾದರೂ ಕಾಲಿಡುತ್ತಾರಾ? ಮಕ್ಕಳು ಬಿದ್ದು ಏಳುವ ಲಾನ್ ಆದರೆ ಸ್ವಲ್ಪ ನೀರು ಹೋದರೂ ಹೋಗಲಿ. ‘ಹುಲ್ಲಿನ ಮೇಲೆ ನಡೆಯಬೇಡಿ’ ಅಂತ ಬೋರ್ಡು ಇರುವ ಕಡೆ ಬೇಸಿಗೆಯಲ್ಲಿ ಪೈಪು ಬಂದ್ ಆಗಲಿ. ನಮ್ಮಲ್ಲಿ ಅದು ಸರ್ಕಾರಿ ಕಚೇರಿ, ಪಾರ್ಕುಗಳಿಂದಲೇ ಶುರುವಾದರೆ ಒಳ್ಳೇದು. ಕಚೇರಿಯ ಮುಂದೆ ಏಪ್ರಿಲ್‌ನಲ್ಲಿ ಹುಲ್ಲು ಕಂದಾಗಿ ನಿಂತರೆ, ನನ್ನ ಗಿರಾಕಿಗಳಿಗೂ ತಮ್ಮ ಹುಲ್ಲು ಒಣಗಿಸಲು ಧೈರ್ಯ ಬರುತ್ತದೆ. ಅವರಿಗೆ ಬೇಕಾದದ್ದು ಅಷ್ಟೇ, ಮೊದಲು ಬೇರೆಯವರದು ಒಣಗಬೇಕು.

ಈ ಬೇಸಿಗೆಯಲ್ಲಿ ಲಾನ್ ಹಾಕಿಕೊಡು ಅಂತ ಬಂದವರಿಗೆ ಜೂನ್‌ನಲ್ಲಿ ಬನ್ನಿ ಅನ್ನುತ್ತಿದ್ದೇನೆ. ಕೆಲವರು ಬೇರೆ ನರ್ಸರಿಗೆ ಹೋದರು. ಉಳಿದವರು ಕಾಯುತ್ತಿದ್ದಾರೆ. ಆ ಕೊನ್ನಾರಿ ಕೀಳುವ ಸರ್‌ಗೂ ಹೇಳಿ ನೋಡಿದೆ, ಎರಡು ತಿಂಗಳು ಪೈಪು ಸುತ್ತಿಡಿ ಅಂತ. ‘ಎದುರು ಮನೆಯವ ಒಪ್ಪಿದರೆ ನೋಡೋಣ’ ಅಂದಿದ್ದಾರೆ. ಎದುರು ಮನೆಯವರೂ ನನ್ನ ಗಿರಾಕಿಯೇ. ಅವರ ಹತ್ತಿರ ಈ ವಾರ ಮಾತಾಡುತ್ತೇನೆ.

ಪತ್ರದ ಕೆಳಗೆ ನನ್ನ ಹೆಸರು ಹಾಕಬೇಡಿ ಎಂದು ವಿನಂತಿ. ಇವರಿಬ್ಬರೂ ನಿಮ್ಮ ಪತ್ರಿಕೆಯನ್ನೇ ತರಿಸುತ್ತಾರೆ.

ಒಬ್ಬ ನರ್ಸರಿಯವ, ಶಿರಸಿ